ಟರ್ಬೊ ಟ್ರ್ಯಾಕ್ಟರ್‌ಗೆ ಬೂಸ್ಟ್ ಮೀಟರ್: ಎಲ್ಲಿ ಕೂರಿಸೋದು, ಹೇಗೆ ಕೂರಿಸೋದು, ಏನು ಓದೋದು



ಈ ವಾರ ಜೀವಾಮೃತ, ಎರೆಗೊಬ್ಬರ ಎಲ್ಲ ಸ್ವಲ್ಪ ಪಕ್ಕಕ್ಕಿಟ್ಟು ಟ್ರ್ಯಾಕ್ಟರ್ ಬಾನೆಟ್ ತೆಗೆಯೋಣ. ಸಾವಯವ ಕೃಷಿ ಮಾಡೋನಿಗೆ ಟರ್ಬೊ ವಿಷಯ ಯಾಕೆ ಅಂತ ಕೇಳಬೇಡಿ. ಹಸಿರೆಲೆ ಗೊಬ್ಬರ ಮಣ್ಣಿಗೆ ಸೇರಿಸೋಕೆ, ತೆಂಗಿನ ಗರಿ ಪುಡಿ ಮಾಡಿ ಬುಡಕ್ಕೆ ಹೊದಿಕೆ ಹಾಕೋಕೆ ನಮಗೆ ಟ್ರ್ಯಾಕ್ಟರ್ ಬೇಕೇ ಬೇಕು. ಸರಿಯಾದ ಹೊತ್ತಿಗೆ ಅದು ಎಳೆಯದಿದ್ರೆ ಏನಾಗುತ್ತೆ ಅಂತ ಮೊದಲು ನನ್ನ ಕಥೆ ಹೇಳ್ತೀನಿ.

ಎರಡು ವರ್ಷದ ಹಿಂದೆ ಮುಂಗಾರಿನಲ್ಲಿ ರಾಗಿ ಹೊಲಕ್ಕೆ ಸೆಣಬು ಚೆಲ್ಲಿದ್ದೆ. ಸುಮಾರು 45 ದಿನಕ್ಕೆ, ಹೂವು ಕಾಣಿಸೋ ಹೊತ್ತಿಗೆ, ರೋಟವೇಟರ್ ಹೊಡೆದು ಮಣ್ಣಿಗೆ ಸೇರಿಸಬೇಕಿತ್ತು. ಹೊಲಕ್ಕೆ ಇಳಿದ ಮೊದಲ ದಿನವೇ ಗಾಡಿ ಉಸಿರು ಕಟ್ಟಿದ ಹಾಗೆ ಆಡ್ತು. ರೋಟವೇಟರ್ ಮಣ್ಣಿಗೆ ಇಳಿಸಿದ ಕೂಡಲೇ ಎಂಜಿನ್ ಕುಗ್ಗೋದು, ಸೈಲೆನ್ಸರ್‌ನಲ್ಲಿ ಕಪ್ಪು ಹೊಗೆ. ಖಾಲಿ ಓಡಿಸಿದ್ರೆ ಏನೂ ತೊಂದರೆ ಇಲ್ಲ.

ಪೇಟೆಯ ಒಂದು ವರ್ಕ್‌ಶಾಪ್‌ಗೆ ಒಯ್ದೆ. ನೋಡಿದವರು "ಟರ್ಬೊ ಹೋಗಿದೆ ಸಾರ್" ಅಂದ್ರು. ಬದಲಿಸಿದ್ವಿ. ಆ ದುಡ್ಡಿಗೆ ನಾಲ್ಕೈದು ಕುರಿ ಬರ್ತಿತ್ತು. ಮನೆಗೆ ತಂದು ಹೊಲಕ್ಕೆ ಇಳಿಸಿದ್ರೆ ಮತ್ತೆ ಅದೇ ಹೊಗೆ, ಅದೇ ಕುಗ್ಗಾಟ. ಕೊನೆಗೆ ನಮ್ಮ ಪಕ್ಕದೂರಿನ ಹಳೇ ಮೆಕ್ಯಾನಿಕ್ ಒಬ್ಬರನ್ನ ಕರೆಸಿದೆ. ಅವರು ಬಾನೆಟ್ ತೆಗೆದು ಕೈಯಾಡಿಸಿ, ಇಂಟರ್‌ಕೂಲರ್ ಕಡೆಯ ರಬ್ಬರ್ ಹೋಸ್‌ನ ಕೆಳಭಾಗ ಹಿಂಡಿ ತೋರಿಸಿದ್ರು. ಕ್ಲಿಪ್ ಪಕ್ಕದಲ್ಲೇ ಬೆರಳುದ್ದದ ಸೀಳು. ಮೇಲಿಂದ ನೋಡಿದ್ರೆ ಕಾಣಲ್ಲ. ಲೋಡ್ ಬಿದ್ದಾಗ ಮಾತ್ರ ಬಾಯಿ ಬಿಡುತ್ತೆ.

"ಒಂದು ಬೂಸ್ಟ್ ಮೀಟರ್ ಇದ್ದಿದ್ರೆ ಟರ್ಬೊಗೆ ಕೈ ಹಾಕೋ ಮುಂಚೆ ಹೋಸ್ ನೋಡ್ತಿದ್ವಿ ಕಣಪ್ಪ. ಕಣ್ಣಿಲ್ಲದೆ ಸೂಜಿ ಹುಡುಕಿದ ಹಾಗಾಯ್ತು" ಅಂದ್ರು ಅವರು.

ಈ ಓಡಾಟದಲ್ಲಿ 12 ದಿನ ಹೋಯ್ತು. ಅಷ್ಟರಲ್ಲಿ ಸೆಣಬಿನ ಕಾಂಡ ಬಲಿತು ನಾರಾಯ್ತು. ರೋಟವೇಟರ್ ಬ್ಲೇಡಿಗೆಲ್ಲ ಹಗ್ಗದ ಹಾಗೆ ಸುತ್ತಿಕೊಳ್ತು. ಬಲಿತ ಕಾಂಡ ಬೇಗ ಕೊಳೆಯಲ್ಲ, ಕೊಳೆಯೋವಾಗ ಮಣ್ಣಿನ ಸಾರಜನಕವನ್ನೇ ಹಿಡಿದಿಟ್ಟುಕೊಳ್ಳುತ್ತೆ. ರಾಗಿ ಪೈರು ತಡವಾಗಿ ನೆಟ್ಟೆ, ಶುರುವಿನಲ್ಲಿ ಎಲೆ ಹಳದಿ ತಿರುಗಿತ್ತು. ಒಂದು ರಬ್ಬರ್ ಹೋಸ್ ಸೀಳಿದ್ದಕ್ಕೆ ಒಂದು ಬೆಳೆಯೇ ಹಿಂದೆ ಬಿತ್ತು. ಅದಾದ ಮೇಲೆ ಮೀಟರ್ ಕೂರಿಸಿದೆ. ಅದನ್ನ ಹೇಗೆ ಮಾಡಿದೆ, ಮಾಡೋವಾಗ ಎಲ್ಲೆಲ್ಲಿ ಹುಷಾರಾಗಿರಬೇಕು ಅನ್ನೋದೇ ಈ ವಾರದ ಪಾಠ.

ಟರ್ಬೊ ಏನು ಮಾಡುತ್ತೆ?

ಸೈಲೆನ್ಸರ್ ಕಡೆ ಹೋಗೋ ಬಿಸಿ ಹೊಗೆಯಲ್ಲಿ ಇನ್ನೂ ತುಂಬಾ ಶಕ್ತಿ ಇರುತ್ತೆ. ಆ ಹೊಗೆ ಒಂದು ಚಕ್ರವನ್ನ ತಿರುಗಿಸುತ್ತೆ. ಅದೇ ಶಾಫ್ಟ್‌ನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿ ಎಳೆದು, ಒತ್ತಿ ಎಂಜಿನ್‌ಗೆ ತುಂಬುತ್ತೆ. ಇಷ್ಟೇ ಟರ್ಬೊ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ತಗೊಂಡಿದ್ರು. ಆ ಪುಟ್ಟ ಶಾಫ್ಟ್ ಪೂರ್ತಿ ಲೋಡ್‌ನಲ್ಲಿ ನಿಮಿಷಕ್ಕೆ ಒಂದು ಲಕ್ಷ ಸುತ್ತಿನ ಲೆಕ್ಕದಲ್ಲಿ ತಿರುಗುತ್ತೆ. ಅದಕ್ಕೇ ಅದಕ್ಕೆ ಶುದ್ಧ ಎಣ್ಣೆ, ಶುದ್ಧ ಗಾಳಿ ಎರಡೂ ಬೇಕು.

ಗಾಳಿ ಎಷ್ಟು ಬೇಕು ಅಂತ ಒಂದು ಲೆಕ್ಕ ಹಾಕೋಣ. 1 ಕೆಜಿ ಡೀಸೆಲ್ ಪೂರ್ತಿ ಉರಿಯೋಕೆ ಸುಮಾರು 14.5 ಕೆಜಿ ಗಾಳಿ ಬೇಕು. 1 ಲೀಟರ್ ಡೀಸೆಲ್ ಲೆಕ್ಕಕ್ಕೆ ತಂದ್ರೆ ಸುಮಾರು 12 ಕೆಜಿ ಗಾಳಿ, ಅಂದ್ರೆ ಹತ್ತು ಸಾವಿರ ಲೀಟರ್‌ನಷ್ಟು. ಇದು ಕನಿಷ್ಠ. ನಿಜವಾಗಿ ಡೀಸೆಲ್ ಎಂಜಿನ್ ಇದಕ್ಕಿಂತ ಜಾಸ್ತಿ ಗಾಳಿ ತಗೊಳ್ಳುತ್ತೆ. ಗಾಳಿ ಕಡಿಮೆ ಆದ್ರೆ ಡೀಸೆಲ್ ಅರ್ಧ ಉರಿದು ಕಪ್ಪು ಹೊಗೆಯಾಗಿ ಹೋಗುತ್ತೆ. ಅದು ನಿಮ್ಮ ಜೇಬಿನ ದುಡ್ಡೇ.

ಟರ್ಬೊ ಆದ ಮೇಲೆ ಎಂಜಿನ್‌ಗೆ ಹೋಗೋ ಗಾಳಿಯ ಒತ್ತಡ ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಇದೆ ಅಂತ ತೋರಿಸೋದೇ ಬೂಸ್ಟ್ ಮೀಟರ್. ನಮ್ಮಲ್ಲಿ ಸಿಗೋ ಮೀಟರ್‌ಗಳಲ್ಲಿ ಪಿಎಸ್‌ಐ, ಬಾರ್, ಕೆಜಿ ಪ್ರತಿ ಚದರ ಸೆಂ.ಮೀ. ಹೀಗೆ ಬೇರೆ ಬೇರೆ ಲೆಕ್ಕ ಇರುತ್ತೆ. 1 ಬಾರ್ ಅಂದ್ರೆ 14.5 ಪಿಎಸ್‌ಐ. ಕೆಜಿ ಲೆಕ್ಕದಲ್ಲಿ 1 ಅಂದ್ರೆ 14.2 ಪಿಎಸ್‌ಐ.

ಮೊದಲು ನಿಮ್ಮ ಗಾಡಿ ಯಾವುದು ನೋಡಿ

ಎಲ್ಲ ಟ್ರ್ಯಾಕ್ಟರ್‌ಗೂ ಟರ್ಬೊ ಇರಲ್ಲ. ಬಾನೆಟ್ ತೆಗೆದಾಗ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕದಲ್ಲಿ ಬಸವನಹುಳುವಿನ ಚಿಪ್ಪಿನ ಆಕಾರದ ಎರಡು ಎರಕದ ತುಂಡು ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ರೆ ಅದೇ ಟರ್ಬೊ. ಇಲ್ಲದಿದ್ರೆ ಈ ಪಾಠ ಸುಮ್ಮನೆ ಓದಿಡಿ.

ಗಾಡಿ ಇನ್ನೂ ವಾರಂಟಿಯಲ್ಲಿ ಇದ್ರೆ ಮ್ಯಾನಿಫೋಲ್ಡ್‌ಗೆ ತೂತು ಹೊಡೆಯಬೇಡಿ. ಡೀಲರ್ ಹತ್ರ ಕೇಳಿ, ಒಪ್ಪಿದ್ರೆ ಅವರ ಕೈಯಲ್ಲೇ ಹಾಕಿಸಿ.

2023ರ ಜನವರಿಯಿಂದ 50 ಎಚ್‌ಪಿ ಮೇಲಿನ ಹೊಸ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್ 4 ಹೊಗೆ ನಿಯಮ ಬಂದಿದೆ. ನಿಮ್ಮ ಗಾಡಿಗೆ ಎಲೆಕ್ಟ್ರಾನಿಕ್ ಕಂಟ್ರೋಲ್ ಇದ್ದು, ಮ್ಯಾನಿಫೋಲ್ಡ್ ಮೇಲೆ ವೈರ್ ಬಂದ ಒತ್ತಡದ ಸೆನ್ಸರ್ ಇದ್ರೆ ಬೇರೆ ಮೀಟರ್ ಅಗತ್ಯ ಇಲ್ಲ. ಸರ್ವಿಸ್‌ನವರ ಸ್ಕ್ಯಾನರ್‌ನಲ್ಲಿ ಅದರ ರೀಡಿಂಗ್ ನೋಡಬಹುದು. ಒಂದು ಎಚ್ಚರ: ಆ ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನೂ ಸೇರಿಸಿ ತೋರಿಸುತ್ತೆ. ಎಂಜಿನ್ ಆಫ್ ಇದ್ದಾಗಿನ ಅಂಕಿ ಕಳೆದ್ರೆ ನಿಜವಾದ ಬೂಸ್ಟ್ ಸಿಗುತ್ತೆ. ಅಂಥ ಗಾಡಿಯ ಸೆನ್ಸರ್ ಬಿಚ್ಚಿ ಅಲ್ಲಿ ಟಿ ಹಾಕೋ ಸಾಹಸ ಬೇಡ.

ಮುಂದಿನ ವಿಷಯ ಎಲ್ಲ ಸಾಮಾನ್ಯ ಮೆಕ್ಯಾನಿಕಲ್ ಪಂಪ್ ಇರೋ ಟರ್ಬೊ ಟ್ರ್ಯಾಕ್ಟರ್‌ಗೆ.

ಒತ್ತಡ ಎಲ್ಲಿಂದ ತಗೋಬೇಕು?

ಇದೇ ಮುಖ್ಯ ಪ್ರಶ್ನೆ. ಗಾಳಿಯ ದಾರಿ ಹೀಗಿದೆ: ಏರ್ ಕ್ಲೀನರ್, ಅಲ್ಲಿಂದ ಟರ್ಬೊ, ಅಲ್ಲಿಂದ ಇಂಟರ್‌ಕೂಲರ್ (ಇದ್ರೆ), ಅಲ್ಲಿಂದ ಇನ್‌ಟೇಕ್ ಮ್ಯಾನಿಫೋಲ್ಡ್, ಕೊನೆಗೆ ಸಿಲಿಂಡರ್. ಮೀಟರ್‌ನ ಪೈಪ್ ಇನ್‌ಟೇಕ್ ಮ್ಯಾನಿಫೋಲ್ಡ್‌ನಿಂದ ಬಂದ್ರೆ ಅತ್ಯುತ್ತಮ. ಯಾಕಂದ್ರೆ ಟರ್ಬೊ ಹೊರಬಾಯಿಂದ ಮ್ಯಾನಿಫೋಲ್ಡ್‌ವರೆಗೆ ಯಾವ ಹೋಸ್ ಸೀಳಿದ್ರೂ, ಯಾವ ಕ್ಲಿಪ್ ಸಡಿಲ ಆದ್ರೂ ಅಲ್ಲಿ ಗೊತ್ತಾಗುತ್ತೆ. ಟರ್ಬೊ ಬಾಯಲ್ಲೇ ಮೀಟರ್ ಇಟ್ರೆ ಮುಂದೆ ಇಂಟರ್‌ಕೂಲರ್ ಒಳಗೆ ಕಟ್ಟಿಕೊಂಡಿದ್ರೂ ಮುಳ್ಳು ಚೆನ್ನಾಗೇ ತೋರಿಸುತ್ತೆ. ನಾವು ಮೋಸ ಹೋಗ್ತೀವಿ.

ಇದಕ್ಕೆ ಮೂರು ದಾರಿ ಇದೆ. ಸುಲಭದಿಂದ ಕಷ್ಟದ ಕಡೆ ಹೇಳ್ತೀನಿ.

ಮೊದಲನೇ ದಾರಿ, ಮ್ಯಾನಿಫೋಲ್ಡ್‌ನಲ್ಲಿ ಮೊದಲೇ ಇರೋ ಪ್ಲಗ್. ಕೆಲವು ಮ್ಯಾನಿಫೋಲ್ಡ್‌ಗಳಲ್ಲಿ ಕಂಪನಿಯವರೇ ಒಂದು ಚಿಕ್ಕ ಪ್ಲಗ್ ಬೋಲ್ಟ್ ಹಾಕಿ ಮುಚ್ಚಿರ್ತಾರೆ. ಅದನ್ನ ಬಿಚ್ಚಿ ಅದೇ ಥ್ರೆಡ್‌ನ ನಿಪ್ಪಲ್ ಹಾಕಿದ್ರೆ ಆಯ್ತು, ತೂತಿನ ತಲೆನೋವಿಲ್ಲ. ಆದ್ರೆ ಅದು ನೀರಿನ ದಾರಿಯ ಪ್ಲಗ್ ಅಲ್ಲ, ಗಾಳಿಯ ದಾರಿಯದ್ದೇ ಅಂತ ಖಾತ್ರಿ ಮಾಡಿಕೊಂಡು ಬಿಚ್ಚಿ.

ಎರಡನೇ ದಾರಿ, ಇರೋ ಸಣ್ಣ ಪೈಪ್‌ಗೆ ಟಿ ಹಾಕೋದು. ಕೆಲವು ಎಂಜಿನ್‌ಗಳಲ್ಲಿ ಮ್ಯಾನಿಫೋಲ್ಡ್‌ನಿಂದ ಡೀಸೆಲ್ ಪಂಪ್‌ನ ತಲೆಗೆ ಒಂದು ತೆಳು ಪೈಪ್ ಹೋಗಿರುತ್ತೆ. ಬೂಸ್ಟ್ ಏರಿದ ಹಾಗೆ ಡೀಸೆಲ್ ಜಾಸ್ತಿ ಮಾಡೋಕೆ ಅದು. ಅದರ ನಡುವೆ ಟಿ ಹಾಕಬಹುದು. ಆದ್ರೆ ಆ ಜಾಯಿಂಟ್ ಸೋರಿದ್ರೆ ಪಂಪ್‌ಗೆ ಬೂಸ್ಟ್ ಸುದ್ದಿ ಸರಿಯಾಗಿ ಮುಟ್ಟಲ್ಲ, ಗಾಡಿ ಎಳೆಯಲ್ಲ. ಟರ್ಬೊ ಪಕ್ಕದ ಡಬ್ಬಿಗೆ, ಅಂದ್ರೆ ವೇಸ್ಟ್‌ಗೇಟ್ ಆಕ್ಚುಯೇಟರ್‌ಗೆ ಹೋಗೋ ಪೈಪ್‌ಗೆ ಮಾತ್ರ ಟಿ ಹಾಕಬೇಡಿ. ಅಲ್ಲಿ ಸೋರಿದ್ರೆ ವೇಸ್ಟ್‌ಗೇಟ್ ಹೊತ್ತಿಗೆ ಸರಿಯಾಗಿ ತೆರೆಯಲ್ಲ, ಬೂಸ್ಟ್ ಮಿತಿ ಮೀರುತ್ತೆ, ಎಂಜಿನ್‌ಗೇ ಅಪಾಯ. ಒತ್ತಡ ಅಳೆಯೋಕೆ ಹೋಗಿ ಒತ್ತಡ ಕೆಡಿಸಿದ ಹಾಗಾಗುತ್ತೆ.

ಮೂರನೇ ದಾರಿ, ತೂತು ಹೊಡೆದು ಥ್ರೆಡ್ ಹಾಕೋದು. ಮೊದಲೆರಡೂ ಆಗದಿದ್ರೆ ಇದು. ನನ್ನ ಗಾಡಿಗೆ ಇದೇ ಮಾಡಿದ್ದು. ವಾರಂಟಿ ಮುಗಿದ ಗಾಡಿಗೆ ಮಾತ್ರ, ಒಳ್ಳೇ ಲೇತ್ ಅಂಗಡಿಯಲ್ಲಿ ಮಾತ್ರ.

ಬೇಕಾದ ಸಾಮಾನು

ಮೀಟರ್: 0 ರಿಂದ 30 ಪಿಎಸ್‌ಐ ಅಥವಾ 0 ರಿಂದ 2 ಬಾರ್ ಇರೋದು ತಗೊಳ್ಳಿ. ಸ್ಪ್ರೇಯರ್‌ಗೆ ಹಾಕೋ ದೊಡ್ಡ ಅಂಕಿಯ ಮೀಟರ್ ಬೇಡ, ಅದರಲ್ಲಿ ಮುಳ್ಳು ಮೂಲೆಯಲ್ಲೇ ಅಲ್ಲಾಡ್ತಿರುತ್ತೆ. ಒಳಗೆ ಗ್ಲಿಸರಿನ್ ತುಂಬಿದ್ದು ಸಿಕ್ಕಿದ್ರೆ ಇನ್ನೂ ಒಳ್ಳೇದು, ಗಾಡಿಯ ನಡುಕಕ್ಕೆ ಮುಳ್ಳು ಕುಣಿಯಲ್ಲ. ಪೆಟ್ರೋಲ್ ಕಾರಿಗೆ ಅಂತ ಮಾರೋ, ಸೊನ್ನೆಯ ಕೆಳಗೂ ಅಂಕಿ ಇರೋ ಮೀಟರ್ ನಮಗೆ ಬೇಕಿಲ್ಲ. ಟ್ರ್ಯಾಕ್ಟರ್ ಡೀಸೆಲ್ ಎಂಜಿನ್‌ನಲ್ಲಿ ಸಾಮಾನ್ಯವಾಗಿ ಗಾಳಿ ತಡೆಯೋ ಬಾಗಿಲು ಇರಲ್ಲ, ಹಾಗಾಗಿ ಐಡಲ್‌ನಲ್ಲಿ ಮುಳ್ಳು ಸೊನ್ನೆಯ ಹತ್ರವೇ ಇರುತ್ತೆ.

ನಿಪ್ಪಲ್: 1/8 ಇಂಚಿನ ಹಿತ್ತಾಳೆ ನಿಪ್ಪಲ್. ಇಲ್ಲೇ ಜಾಸ್ತಿ ಜನ ಎಡವೋದು. 1/8 ಬಿಎಸ್‌ಪಿ, 1/8 ಎನ್‌ಪಿಟಿ ಎರಡೂ ಕಣ್ಣಿಗೆ ಒಂದೇ ಥರ. ಬಿಎಸ್‌ಪಿಯಲ್ಲಿ ಇಂಚಿಗೆ 28 ಥ್ರೆಡ್, ಎನ್‌ಪಿಟಿಯಲ್ಲಿ 27. ಥ್ರೆಡ್‌ನ ಕೋನವೂ ಬೇರೆ, ಒಂದು 55 ಡಿಗ್ರಿ, ಇನ್ನೊಂದು 60. ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯುತ್ತೆ. "ಬಿಗಿಯಾಯ್ತು" ಅಂತ ಸ್ಪ್ಯಾನರ್ ಹಾಕಿದ್ರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತೆ. ಮೀಟರ್, ನಿಪ್ಪಲ್, ಟ್ಯಾಪ್ ಮೂರನ್ನೂ ಒಂದೇ ಜಾತಿಯದ್ದು ತಗೊಳ್ಳಿ. ಅಂಗಡಿಯಲ್ಲೇ ಬೆರಳಲ್ಲಿ ತಿರುಗಿಸಿ ನೋಡಿ.

ಪೈಪ್: ಕಂಪ್ರೆಸರ್ ಸಾಮಾನಿನ ಅಂಗಡಿಯಲ್ಲಿ ಸಿಗೋ ತೆಳು ನೈಲಾನ್ ಪೈಪ್, ಒಂದೂವರೆ ಎರಡು ಮೀಟರ್. ಡ್ರಿಪ್‌ನ ಮೈಕ್ರೋಟ್ಯೂಬ್ ಮನೇಲಿದೆ ಅಂತ ಅದನ್ನೇ ಹಾಕಬೇಡಿ. ಬಾನೆಟ್ ಒಳಗಿನ ಬಿಸಿಗೆ ಅದು ಮೆತ್ತಗಾಗಿ ಕಳಚುತ್ತೆ.

ಇದರ ಜೊತೆ ಥ್ರೆಡ್‌ಗೆ ಹಚ್ಚೋ ಸೀಲೆಂಟ್, ಪೈಪ್ ಹಾಯೋ ಜಾಗಕ್ಕೆ ರಬ್ಬರ್ ಗ್ರೋಮೆಟ್, ಕಟ್ಟೋಕೆ ಟೈ, ಮ್ಯಾನಿಫೋಲ್ಡ್ ಬಿಚ್ಚೋದಾದ್ರೆ ಹೊಸ ಗ್ಯಾಸ್ಕೆಟ್.

ಕೆಲಸ ಶುರು

1. ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಉಪಕರಣ ನೆಲಕ್ಕೆ ಇಳಿಸಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಎಂಜಿನ್ ಪೂರ್ತಿ ತಣ್ಣಗಾಗಲಿ. ಟರ್ಬೊದ ಹೊಗೆ ಕಡೆಯ ಚಿಪ್ಪು ಕೆಲಸದ ಹೊತ್ತಲ್ಲಿ ನೂರಾರು ಡಿಗ್ರಿ ಕಾದಿರುತ್ತೆ. ಅರ್ಧ ಗಂಟೆ ಬಿಟ್ಟು ಮುಟ್ಟಿದ್ರೂ ಚರ್ಮ ಸುಲಿಯುತ್ತೆ.

2. ಏನೇ ಬಿಚ್ಚೋ ಮುಂಚೆ ಫೋನ್‌ನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆದಿಡಿ. ಯಾವ ಹೋಸ್ ಎಲ್ಲಿಗೆ, ಯಾವ ಕ್ಲಿಪ್ ಯಾವ ಕಡೆ ಮುಖ ಮಾಡಿದೆ, ಎಲ್ಲ ಕಾಣಲಿ. ಸಂಜೆ ಜೋಡಿಸೋವಾಗ ಅದೇ ನಿಮ್ಮ ಪುಸ್ತಕ.

3. ಬಾನೆಟ್ ಒಳಗಿನ ಧೂಳನ್ನ ಮೊದಲು ಊದಿ ಒರೆಸಿ. ಹೋಸ್ ಬಿಚ್ಚಿದ ಕೂಡಲೇ ತೆರೆದ ಬಾಯಿಗೆಲ್ಲ ಶುದ್ಧ ಬಟ್ಟೆ ಕಟ್ಟಿ, ಎಷ್ಟು ಬಟ್ಟೆ ಕಟ್ಟಿದ್ರಿ ಅಂತ ಎಣಿಸಿಡಿ. ಒಂದು ನಟ್, ಒಂದು ಬಟ್ಟೆ ತುಂಡು ಒಳಗೆ ಉಳಿದ್ರೂ ಎಂಜಿನ್ ಕಥೆ ಮುಗೀತು.

4. ತೂತು ಹೊಡೆಯೋದಾದ್ರೆ ಮ್ಯಾನಿಫೋಲ್ಡ್ ಬಿಚ್ಚಿ ಹೊರಗೆ ತನ್ನಿ. ಎಂಜಿನ್ ಮೇಲಿದ್ದ ಹಾಗೇ ಡ್ರಿಲ್ ಹಾಕಬೇಡಿ. "ಗ್ರೀಸ್ ಹಚ್ಚಿ ಹೊಡೆದ್ರೆ ಪುಡಿ ಅಂಟಿಕೊಳ್ಳುತ್ತೆ, ಏನಾಗಲ್ಲ" ಅಂತ ಯಾರಾದ್ರೂ ಹೇಳ್ತಾರೆ, ಕೇಳಬೇಡಿ. ಎಲ್ಲ ಪುಡಿಯೂ ಅಂಟಲ್ಲ. ಅಲ್ಯೂಮಿನಿಯಂ ಪುಡಿ ಅಯಸ್ಕಾಂತಕ್ಕೂ ಸಿಗಲ್ಲ. ಉಳಿದ ಚೂರು ನೇರ ಸಿಲಿಂಡರ್‌ಗೆ ಹೋಗಿ ಲೈನರ್ ಗೀರುತ್ತೆ.

5. ಜಾಗ ಆರಿಸೋದು. ಎರಕ ದಪ್ಪ ಇರೋ ಉಬ್ಬು ಜಾಗ ನೋಡಿ. ಮೇಲೆ ಅಥವಾ ಪಕ್ಕದಲ್ಲಿ ಇರಲಿ, ಕೆಳಗೆ ಬೇಡ. ಕೆಳಗಿದ್ರೆ ಎಣ್ಣೆ ಪಸೆ, ನೀರು ಪೈಪ್‌ಗೆ ಇಳಿಯುತ್ತೆ. ಗೋಡೆ ತೀರಾ ತೆಳು ಇದ್ರೆ ಥ್ರೆಡ್ ನಿಲ್ಲಲ್ಲ, ಆಗ ಲೇತ್‌ನವರ ಹತ್ರ ಒಂದು ಚಿಕ್ಕ ಬಾಸ್ ವೆಲ್ಡ್ ಮಾಡಿಸಿ ಅದಕ್ಕೆ ಥ್ರೆಡ್ ಹಾಕಿಸಿ. ವೆಲ್ಡಿಂಗ್ ಆದ ಮೇಲೆ ಒಳಗಿನ ಹರಳು, ಚಿಟ್ಟು ಎಲ್ಲ ಕೆರೆದು ತೆಗೆಸಿ.

6. ಡ್ರಿಲ್ ಅಳತೆ. 1/8 ಟ್ಯಾಪ್‌ಗೆ ತೂತು ಸುಮಾರು ಎಂಟೂವರೆ ಮಿ.ಮೀ. ಬಿಎಸ್‌ಪಿ, ಎನ್‌ಪಿಟಿ, ನೇರ ಥ್ರೆಡ್, ಓರೆ ಥ್ರೆಡ್ ಅಂತ ಇದು ಸ್ವಲ್ಪ ಬದಲಾಗುತ್ತೆ, ಟ್ಯಾಪ್ ಜೊತೆ ಕೊಟ್ಟ ಅಳತೆಯನ್ನೇ ಹಿಡಿಯಿರಿ. ಮೊದಲು ಸೆಂಟರ್ ಪಂಚ್, ಆಮೇಲೆ ಚಿಕ್ಕ ಡ್ರಿಲ್, ಕೊನೆಗೆ ಸರಿ ಅಳತೆ. ಟ್ಯಾಪ್ ತಿರುಗಿಸೋವಾಗ ಸ್ವಲ್ಪ ಸೀಮೆಎಣ್ಣೆ ಬಿಡಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಓರೆ ಥ್ರೆಡ್‌ನ ಟ್ಯಾಪನ್ನ ಕೊನೆವರೆಗೂ ಇಳಿಸಬೇಡಿ. ಇಳಿಸಿದ್ರೆ ತೂತು ಹಿಗ್ಗಿ ನಿಪ್ಪಲ್ ಬಿಗಿಯೋದೇ ಇಲ್ಲ. ನಡುನಡುವೆ ನಿಪ್ಪಲ್ ಹಾಕಿ ನೋಡಿ. ಕೈಯಲ್ಲಿ ಮೂರು ನಾಲ್ಕು ಸುತ್ತು ಹೋಗಿ ನಿಂತ್ರೆ ಸಾಕು.

7. ತೊಳೆಯೋದು. ಮ್ಯಾನಿಫೋಲ್ಡ್ ಒಳಗೆ ಹೊರಗೆ ಡೀಸೆಲ್ ಹಾಕಿ ಬ್ರಷ್‌ನಲ್ಲಿ ತೊಳೆದು, ಗಾಳಿ ಊದಿ, ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಮೇಲೆ ಹೊಳೆಯೋ ಚುಕ್ಕಿ ಕಂಡ್ರೆ ಮತ್ತೆ ತೊಳೆಯಿರಿ. ಚುಕ್ಕಿ ಕಾಣದ ತನಕ ತೊಳೆಯಿರಿ. ನಾನು ನಾಲ್ಕು ಸಲ ತೊಳೆದೆ. ತೂತಿನ ಒಳಬಾಯಿಯ ಚೂಪನ್ನೂ ತೆಗೀಬೇಕು.

8. ನಿಪ್ಪಲ್ ಕೂರಿಸೋದು. ಸೀಲೆಂಟನ್ನ ತುದಿಯ ಎರಡು ಥ್ರೆಡ್ ಬಿಟ್ಟು ಹಚ್ಚಿ. ಟೆಫ್ಲಾನ್ ಟೇಪ್ ಮಾತ್ರ ಇದ್ರೂ ತುದಿಯ ಎರಡು ಥ್ರೆಡ್ ಬಿಟ್ಟು, ನಿಪ್ಪಲ್ ತುದಿ ನಿಮ್ಮ ಕಡೆ ಇಟ್ಟುಕೊಂಡು ಗಡಿಯಾರದ ಮುಳ್ಳು ತಿರುಗೋ ದಿಕ್ಕಿನಲ್ಲಿ ಸುತ್ತಿ. ತುದಿವರೆಗೂ ಸುತ್ತಿದ್ರೆ ಟೇಪ್ ಚೂರು ಹರಿದು ಎಂಜಿನ್‌ಗೋ ಪೈಪ್‌ಗೋ ಹೋಗುತ್ತೆ. ಕೈಯಲ್ಲಿ ಬಿಗಿ ಮಾಡಿ, ಮೇಲೆ ಸ್ಪ್ಯಾನರ್‌ನಲ್ಲಿ ಒಂದರಿಂದ ಒಂದೂವರೆ ಸುತ್ತು. ಅಷ್ಟೇ. ನೇಗಿಲ ಬೋಲ್ಟ್ ಅಲ್ಲ ಇದು. ನಿಪ್ಪಲ್ ತುದಿ ಒಳಗಡೆ ಚಾಚಿಕೊಂಡಿರಬಾರದು.

9. ಹೊಸ ಗ್ಯಾಸ್ಕೆಟ್ ಹಾಕಿ ಮ್ಯಾನಿಫೋಲ್ಡ್ ಕೂರಿಸಿ. ಬೋಲ್ಟ್‌ಗಳನ್ನ ನಡುವಿನಿಂದ ಶುರು ಮಾಡಿ ಹೊರಗಿನ ಕಡೆ, ಎರಡು ಮೂರು ಸುತ್ತಲ್ಲಿ ಬಿಗಿಮಾಡಿ. ಎಷ್ಟು ಬಿಗಿ ಅನ್ನೋದು ನಿಮ್ಮ ಎಂಜಿನ್ ಮ್ಯಾನ್ಯುಯಲ್‌ನಲ್ಲಿದೆ. ಕಟ್ಟಿದ ಬಟ್ಟೆ ಎಲ್ಲ ವಾಪಸ್ ಬಂತಾ ಎಣಿಸಿ.

10. ಪೈಪ್ ಎಳೆಯೋದು. ಟರ್ಬೊ, ಎಕ್ಸಾಸ್ಟ್ ಮ್ಯಾನಿಫೋಲ್ಡ್, ಫ್ಯಾನ್ ಬೆಲ್ಟ್ ಇವುಗಳಿಂದ ದೂರ ಇರಲಿ. ತಗಡಿನ ತೂತಿನಲ್ಲಿ ಹಾಯೋ ಕಡೆ ಗ್ರೋಮೆಟ್ ಹಾಕಿ, ಇಲ್ಲದಿದ್ರೆ ನಡುಕಕ್ಕೆ ತಗಡೇ ಪೈಪ್ ಕೊಯ್ಯುತ್ತೆ. ಎಂಜಿನ್ ಅಲ್ಲಾಡುತ್ತೆ, ಹಾಗಾಗಿ ನಿಪ್ಪಲ್ ಹತ್ರ ಒಂದು ಸಣ್ಣ ಬಳುಕು ಬಿಡಿ, ಬಿಗಿಯಾಗಿ ಎಳೆಯಬೇಡಿ. ಮುಳ್ಳು ಜಾಸ್ತಿ ಅದುರಿದ್ರೆ ಮೀಟರ್ ಹಿಂದೆ ಒಂದು ಸಣ್ಣ ತೂತಿನ ತಡೆ ಹಾಕಿಸಬಹುದು. ಮೀಟರನ್ನ ಕೂತಲ್ಲಿಂದಲೇ ಕಾಣೋ ಹಾಗೆ, ಆದ್ರೆ ದಾರಿ ಮುಚ್ಚದ ಹಾಗೆ ಕೂರಿಸಿ.

ಸೋರಿಕೆ ಪರೀಕ್ಷೆ

ಐಡಲ್‌ನಲ್ಲಿ ಸೋಪು ನೀರು ಹಚ್ಚಿ ಗುಳ್ಳೆ ಬರಲಿಲ್ಲ ಅಂದ್ರೆ ಸೋರಿಕೆ ಇಲ್ಲ ಅಂತ ಅರ್ಥ ಅಲ್ಲ, ಆಗ ಬೂಸ್ಟೇ ಇರಲ್ಲ. ಹೊಸ ನಿಪ್ಪಲ್, ಪೈಪ್ ಜಾಯಿಂಟ್ ಮಾತ್ರ ನೋಡೋದಾದ್ರೆ ಕೂರಿಸೋ ಮುಂಚೆ ಪೈಪ್‌ನ ಒಂದು ತುದಿಗೆ ಮೀಟರ್ ಹಾಕಿ, ಇನ್ನೊಂದು ತುದಿಯಿಂದ ಸೈಕಲ್ ಪಂಪ್‌ನಲ್ಲಿ 10 ಪಿಎಸ್‌ಐ ಗಾಳಿ ಕೊಟ್ಟು ಮಡಚಿ ಹಿಡಿಯಿರಿ. ಮುಳ್ಳು ಇಳಿಯದಿದ್ರೆ ಸರಿ. ಇಡೀ ಗಾಳಿದಾರಿಗೆ ಕಂಪ್ರೆಸರ್ ಹಾಕಿ ಪರೀಕ್ಷೆ ಮಾಡೋದು ಗೊತ್ತಿರೋ ಮೆಕ್ಯಾನಿಕ್ ಕೆಲಸ. ಒತ್ತಡ ಜಾಸ್ತಿಯಾದ್ರೆ ಮುಚ್ಚಿದ ಬಿರಡೆ ಗುಂಡಿನ ಹಾಗೆ ಹಾರುತ್ತೆ.

ಗಾಡಿ ಸ್ಟಾರ್ಟ್ ಮಾಡಿದ ಮೇಲೆ ಎರಡು ನಿಮಿಷ ಐಡಲ್‌ನಲ್ಲಿ ಬಿಡಿ, ಟರ್ಬೊಗೆ ಎಣ್ಣೆ ಮುಟ್ಟಲಿ. ಕೆಲಸ ಮುಗಿಸಿ ನಿಲ್ಲಿಸೋವಾಗಲೂ ಅಷ್ಟೇ. ಬಿಸಿ ಟರ್ಬೊ ಜೋರಾಗಿ ಸುತ್ತೋವಾಗ ಎಂಜಿನ್ ಆಫ್ ಮಾಡಿದ್ರೆ ಎಣ್ಣೆ ನಿಂತು ಬೇರಿಂಗ್ ಒಣಗುತ್ತೆ. ಇದು ಮೀಟರ್ ಇಲ್ಲದವರಿಗೂ ಅನ್ವಯ.

ಮುಳ್ಳು ಓದೋದು ಹೇಗೆ?

ನಿಂತಲ್ಲೇ ಎಕ್ಸಲರೇಟರ್ ಒತ್ತಿದ್ರೆ ಮುಳ್ಳು ಜಾಸ್ತಿ ಏರಲ್ಲ. ಮೀಟರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಲೋಡ್ ಬಿದ್ರೇನೇ ಡೀಸೆಲ್ ಜಾಸ್ತಿ ಉರಿಯೋದು, ಹೊಗೆಯಲ್ಲಿ ಶಕ್ತಿ ಬರೋದು, ಟರ್ಬೊ ಸುತ್ತೋದು.

ಎಷ್ಟು ಬರಬೇಕು ಅನ್ನೋದು ಎಂಜಿನ್‌ನಿಂದ ಎಂಜಿನ್‌ಗೆ ಬೇರೆ. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದ ಅಂಕಿಯೇ ಪ್ರಮಾಣ. ಅದು ಸಿಗದಿದ್ರೆ ಗಾಡಿ ಚೆನ್ನಾಗಿರೋವಾಗಲೇ ನಿಮ್ಮದೇ ಒಂದು ಅಂಕಿ ಬರೆದಿಡಿ. ಅದೇ ಹೊಲ, ಅದೇ ರೋಟವೇಟರ್, ಅದೇ ಗೇರ್, ಪಿಟಿಒ 540 ಸುತ್ತಿನಲ್ಲಿ ಮುಳ್ಳು ಎಲ್ಲಿ ನಿಲ್ಲುತ್ತೆ ಅಂತ ನೋಡಿ. ಓಡಿಸ್ತಾ ಫೋನ್ ಹಿಡಿಯಬೇಡಿ. ಮುಳ್ಳು ನೋಡಿಕೊಂಡು, ಸಾಲಿನ ಕೊನೆಯಲ್ಲಿ ಗಾಡಿ ನಿಲ್ಲಿಸಿ, ತಾರೀಖಿನ ಜೊತೆ ಬರೆದಿಡಿ. ನನ್ನ ಗಾಡಿಯಲ್ಲಿ ಹೀಗೆ 11 ಪಿಎಸ್‌ಐ ಬರುತ್ತೆ. ನಿಮ್ಮದು 8 ಇರಬಹುದು, 15 ಇರಬಹುದು. ಪಕ್ಕದ ಮನೆಯವರ ಗಾಡಿ ಜೊತೆ ಹೋಲಿಸಬೇಡಿ, ನಿಮ್ಮ ಗಾಡಿಯ ನಿನ್ನೆಯ ಜೊತೆ ಹೋಲಿಸಿ.

ಈಗ ಅಂಕಿ ಬದಲಾದ್ರೆ ಏನು ಅರ್ಥ?

ಬೂಸ್ಟ್ ಕಡಿಮೆ, ಕಪ್ಪು ಹೊಗೆ ಜಾಸ್ತಿ: ಗಾಳಿ ಸಾಲ್ತಿಲ್ಲ. ಮೊದಲು ಏರ್ ಕ್ಲೀನರ್, ಆಮೇಲೆ ಟರ್ಬೊದಿಂದ ಮ್ಯಾನಿಫೋಲ್ಡ್‌ವರೆಗಿನ ಪ್ರತಿ ಹೋಸ್, ಪ್ರತಿ ಕ್ಲಿಪ್. ಹೋಸ್‌ನ ಕೆಳಭಾಗಕ್ಕೂ ಕೈಯಾಡಿಸಿ. ಆಮೇಲೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಹತ್ರ ಮಸಿ ಗುರುತು ಇದೆಯಾ ನೋಡಿ. ಅಲ್ಲಿ ಹೊಗೆ ಸೋರಿದ್ರೆ ಟರ್ಬೊಗೆ ಬಲ ಬರಲ್ಲ. ಟರ್ಬೊ ಬಿಚ್ಚೋ ಮಾತು ಇದೆಲ್ಲ ಆದ ಮೇಲೆ, ಕೊನೆಯಲ್ಲಿ.

ಬೂಸ್ಟ್ ಕಡಿಮೆ, ಹೊಗೆ ಇಲ್ಲ, ಎಳೆತವೂ ಇಲ್ಲ: ಡೀಸೆಲ್ ಸಾಲ್ತಿಲ್ಲ. ಡೀಸೆಲ್ ಕಡಿಮೆ ಉರಿದ್ರೆ ಬೂಸ್ಟ್ ಕೂಡ ಹುಟ್ಟಲ್ಲ. ಡೀಸೆಲ್ ಫಿಲ್ಟರ್, ಟ್ಯಾಂಕಿನ ಕಸ, ಪೈಪ್‌ಗೆ ಹೊಕ್ಕ ಗಾಳಿ ನೋಡಿ. ಪಂಪ್ ತಲೆಗೆ ಹೋಗೋ ಬೂಸ್ಟ್ ಪೈಪ್ ಇದ್ರೆ ಅದು ಸೋರ್ತಿದೆಯಾ ಅಂತಲೂ ನೋಡಿ.

ಬೂಸ್ಟ್ ಮಾಮೂಲಿಗಿಂತ ಜಾಸ್ತಿ: ಖುಷಿ ಪಡಬೇಡಿ. ವೇಸ್ಟ್‌ಗೇಟ್ ಸಿಕ್ಕಿಕೊಂಡಿದೆ, ಅಥವಾ ಅದರ ಪೈಪ್ ಕಳಚಿದೆ, ಅಥವಾ ಯಾರೋ ಪಂಪ್‌ನ ಸ್ಕ್ರೂ ತಿರುಗಿಸಿ ಡೀಸೆಲ್ ಏರಿಸಿದ್ದಾರೆ. ಗಾಡಿ ನಿಲ್ಲಿಸಿ ತೋರಿಸಿ. ಎಳೆತ ಕಡಿಮೆ ಆದಾಗ "ಸ್ವಲ್ಪ ಡೀಸೆಲ್ ಏರಿಸಿಬಿಡಿ" ಅನ್ನೋದು ನಮ್ಮ ಕಡೆ ರೂಢಿ. ಗಾಳಿ ಇಲ್ಲದ ಎಂಜಿನ್‌ಗೆ ಡೀಸೆಲ್ ಏರಿಸೋದು ಬೇರು ಕೊಳೆತ ಗಿಡಕ್ಕೆ ನೀರು ಬಿಟ್ಟ ಹಾಗೆ.

ನೀಲಿ ಹೊಗೆ: ಎಣ್ಣೆ ಉರೀತಿದೆ. ಟರ್ಬೊ ಸೀಲ್ ಆಗಿರಬಹುದು, ರಿಂಗ್ ಆಗಿರಬಹುದು. ಇಂಟರ್‌ಕೂಲರ್ ಹೋಸ್ ಒಳಗೆ ಎಣ್ಣೆ ನಿಂತಿದ್ರೆ ತಡ ಮಾಡಬೇಡಿ. ಒಳಗೆ ತುಂಬಿದ ಎಣ್ಣೆ ಕುಡಿದು ಡೀಸೆಲ್ ಎಂಜಿನ್ ನಿಮ್ಮ ಮಾತು ಕೇಳದೆ ತಾನೇ ಓಡಬಹುದು.

ಎತ್ತರದ ಲೆಕ್ಕವೂ ನೆನಪಿರಲಿ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 14.7 ಪಿಎಸ್‌ಐ. ನಮ್ಮ ಬಯಲುಸೀಮೆಯ 800, 900 ಮೀಟರ್ ಎತ್ತರದಲ್ಲಿ 13.3 ಆಸುಪಾಸು. ಹಾಗಾಗಿ ಕರಾವಳಿಯ ಗೆಳೆಯನ ಗಾಡಿಯ ಅಂಕಿಗೂ ನಮ್ಮದಕ್ಕೂ ಸ್ವಲ್ಪ ವ್ಯತ್ಯಾಸ ಇದ್ರೆ ಗಾಬರಿ ಬೇಡ.

ಮೀಟರ್ ಹೇಳದ ಒಂದು ಮಾತು

ಇದನ್ನ ಮರೀಬೇಡಿ. ಏರ್ ಕ್ಲೀನರ್‌ಗೂ ಟರ್ಬೊಗೂ ನಡುವಿನ ಹೋಸ್ ಸೀಳಿದ್ರೆ ಬೂಸ್ಟ್ ಕಡಿಮೆ ಆಗೋದೇ ಇಲ್ಲ. ಅಲ್ಲಿ ಟರ್ಬೊ ಗಾಳಿ ಎಳೆಯುತ್ತೆ, ಊದಲ್ಲ. ಸೀಳಿನಿಂದ ಶೋಧಿಸದ ಧೂಳಿನ ಗಾಳಿಯೇ ಒಳಗೆ ಹೋಗುತ್ತೆ. ಮುಳ್ಳು ನಗ್ತಾ ಇರುತ್ತೆ, ಒಳಗೆ ಚಕ್ರದ ರೆಕ್ಕೆ, ಲೈನರ್ ಎರಡೂ ಸವೀತಿರುತ್ತೆ. ಆ ಹೋಸನ್ನ ವಾರಕ್ಕೊಮ್ಮೆ ಕಣ್ಣಲ್ಲಿ, ಕೈಯಲ್ಲಿ ನೋಡಲೇಬೇಕು. ಹೋಸ್ ಒಳಗೆ ಬೆರಳಾಡಿಸಿದಾಗ ಧೂಳು ಹತ್ತಿದ್ರೆ ಎಲ್ಲೋ ಸೋರಿಕೆ ಇದೆ ಅಂತಲೇ.

ಒಣ ಫಿಲ್ಟರ್ ಇದ್ರೆ ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದ ಗಾಳಿಯಲ್ಲಿ ಊದಿ. ಕಲ್ಲಿಗೆ, ಟೈರಿಗೆ ಬಡೀಬೇಡಿ. ಒಳಗಿನ ಚಿಕ್ಕ ಫಿಲ್ಟರನ್ನ ಊದಿ ತೊಳೆದು ಮತ್ತೆ ಹಾಕೋದಲ್ಲ, ಹೊತ್ತಿಗೆ ಬದಲಿಸೋದು.

ಕೊನೆಗೆ

ಕಳೆದ ಬೇಸಿಗೆಯಲ್ಲಿ ಮೂರು ದಿನ ಶ್ರೆಡ್ಡರ್ ಹಾಕಿ ತೆಂಗಿನ ಗರಿ ಪುಡಿ ಮಾಡಿದ್ವಿ. ಮೂಗಿಗೆ ಬಟ್ಟೆ ಕಟ್ಟಿಕೊಂಡ್ರೂ ಸೀನು ಬರೋವಷ್ಟು ಧೂಳು. ಮೂರನೇ ದಿನ ಮಧ್ಯಾಹ್ನ ಊಟ ಮಾಡಿ ಬಂದು ನೋಡ್ತೀನಿ, 11ರಲ್ಲಿ ನಿಲ್ಲಬೇಕಾದ ಮುಳ್ಳು 9ರಲ್ಲಿ ನಿಂತಿದೆ. ಹೊಗೆ ಇನ್ನೂ ಕಪ್ಪಾಗಿರಲಿಲ್ಲ, ಎಳೆತವೂ ಅಷ್ಟೇನೂ ಕುಗ್ಗಿರಲಿಲ್ಲ. ನಿಲ್ಲಿಸಿ ಏರ್ ಕ್ಲೀನರ್ ತೆಗೆದ್ರೆ ಗರಿಯ ನಾರು, ಧೂಳು ಸೇರಿ ಕಂಬಳಿ ಥರ ಅಂಟಿತ್ತು. ಅರ್ಧ ಗಂಟೆಯ ಕೆಲಸ. ಮತ್ತೆ ಮುಳ್ಳು 11ಕ್ಕೆ ಬಂತು. ಅಪ್ಪ ಇಷ್ಟು ದಿನ "ಗಾಡಿಗೆ ಗಡಿಯಾರ ಕಟ್ಟಿದ್ದಾನೆ" ಅಂತ ನಗ್ತಿದ್ರು. ಅವತ್ತಿನಿಂದ ಗಾಡಿ ಹತ್ತಿದ ಕೂಡಲೇ ಅವರೇ ಮೊದಲು ಮುಳ್ಳು ನೋಡ್ತಾರೆ.

ಈ ವಾರಕ್ಕೆ ನಿಮಗೊಂದು ಚಿಕ್ಕ ಕೆಲಸ. ಮೀಟರ್ ಹಾಕಿಸೋದು ಆಮೇಲೆ ಇರಲಿ. ನಾಳೆ ಬೆಳಗ್ಗೆ ಎಂಜಿನ್ ತಣ್ಣಗಿರೋವಾಗ ಬಾನೆಟ್ ತೆಗೆದು ಏರ್ ಕ್ಲೀನರ್‌ನಿಂದ ಮ್ಯಾನಿಫೋಲ್ಡ್‌ವರೆಗೆ ಗಾಳಿಯ ದಾರಿಯನ್ನ ಬೆರಳಲ್ಲಿ ಹಿಂಬಾಲಿಸಿ. ಪ್ರತಿ ಹೋಸ್‌ನ ಹೊಟ್ಟೆ ಹಿಂಡಿ ನೋಡಿ, ಪ್ರತಿ ಕ್ಲಿಪ್ ಅಲ್ಲಾಡಿಸಿ ನೋಡಿ. ಹತ್ತು ನಿಮಿಷ ಸಾಕು. ನನಗೆ ಆ ಹತ್ತು ನಿಮಿಷ ಅವತ್ತು ಹೊಳೆದಿದ್ರೆ ಹನ್ನೆರಡು ದಿನ ಉಳೀತಿತ್ತು.